ಬೇಸಿಗೆಯ ನಕ್ಷೆಯನ್ನು ತಿದ್ದಿದ ಚಿತ್ರಲಿಂಗಪ್ಪನವರು

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದೊಡನೆ ಚಿತ್ರಲಿಂಗಪ್ಪನವರು ಅಳತೆಯ ಸರಪಳಿಯನ್ನು ನೆಲಕ್ಕೆ ಹರಡಿ, ಎಣ್ಣೆ ಬಟ್ಟೆಯಿಂದ ಒಂದೊಂದೇ ಕೊಂಡಿಯನ್ನು ಒರೆಸುತ್ತಿದ್ದರು. ಮೂವತ್ತೆರಡು ವರ್ಷ ಭೂಮಿ ಅಳೆಯುವ ಮೋಜಿಣಿದಾರರಾಗಿ ದುಡಿದು ಈಗ ನಿವೃತ್ತರಾಗಿರುವ ಅವರಷ್ಟು ನೆಲ ನಡೆದು ಬಲ್ಲವರು ಹಿರಿಯೂರು, ಹೊಸದುರ್ಗ ಸೀಮೆಯಲ್ಲಿ ವಿರಳ.

೧೯೭೩ರಲ್ಲಿ ಯಲ್ಲದಕೆರೆಯಾಚೆ ಸೈನ್ಯದವರ ಗುಂಡಿನ ತರಬೇತಿ ಮೈದಾನ ನಿಗದಿಯಾದಾಗ, ಅದರ ಸುತ್ತ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಉಳಬಹುದು, ಎಲ್ಲಿ ಏನೂ ಕೂಡದು ಎಂದು ಗೆರೆ ಎಳೆಯುವ ಹೊಣೆ ಅವರ ಪಾಲಿಗೆ ಬಂತು. ಬೇಸಿಗೆಯಲ್ಲಿ ಎರಡು ತಿಂಗಳು ಅಳೆದರು. ಪಕ್ಕದ ದಿಬ್ಬದಲ್ಲಿ ಬರಿಯ ಕಲ್ಲುಗೋಡೆಗಳನ್ನು ಕಂಡು, ‘ಪಾಳು, ವಾಸವಿಲ್ಲ’ ಎಂದು ಬರೆದು, ಏನೂ ಕೂಡದ ವಲಯಕ್ಕೆ ಸೇರಿಸಿ ರುಜು ಹಾಕಿದರು.

ಕಚೇರಿಗೆ ನೀರು ತಂದಿಡುತ್ತಿದ್ದ ಬೊಮ್ಮಕ್ಕ ಕುರಿ ಸಾಕುವವರ ಮನೆಯವಳು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ತಲೆಯೆತ್ತಿ ಮಾತಾಡಿದವಳಲ್ಲ. ಮೇಜು ಒರೆಸುವಾಗ ನಕ್ಷೆಯಲ್ಲಿ ಆ ಎರಡು ಪದ ಓದಿ ಅವಳ ಕೈ ನಿಂತಿತು. ಗೋಡೆಯ ಕಡೆ ನೋಡುತ್ತಲೇ ಹೇಳಿದಳು:

“ಸಾರ್, ಅದು ಪಾಳಲ್ಲ. ನಮ್ ಹಟ್ಟಿ ಐತೆ. ಬೇಸ್ಗೇಲಿ ಕುರಿ ಹೊಡ್ಕಂಡು ಮೇವಿನ ಕಡೆ ಹೋಗಿರ್ತೀವಿ. ಮಳೆ ಬಿದ್ರೆ ಮೂವತ್ತು ಮನೆ ಒಲೆ ಉರೀತವೆ.”

ಗುಮಾಸ್ತ ಮುರುಗಪ್ಪ ನಕ್ಕರು. “ಲೇ ಬೊಮ್ಮಿ, ನಕ್ಷೆ ಓದಾಕೆ ಯಾವಾಗ ಕಲ್ತೆ? ಸಾಹೇಬ್ರ ರುಜು ಆಗೈತೆ, ಸುಮ್ನೆ ನೀರಿಡು.”

“ರುಜು ನಂದು ಮುರುಗಪ್ಪ, ಹಟ್ಟಿ ಅವಳದ್ದು,” ಎಂದ ಚಿತ್ರಲಿಂಗಪ್ಪನವರು ನಕ್ಷೆಯನ್ನು ಸುತ್ತಿ ಬಗಲಿಗಿಟ್ಟುಕೊಂಡರು.

ಮಳೆ ಬಿದ್ದ ಮೇಲೆ ಮತ್ತೆ ದಿಬ್ಬ ಹತ್ತಿದರು. ಹಟ್ಟಿಯ ಹಿರಿಯಳು ಓಬಮ್ಮ ಕಂಬಳಿ ಹಾಸಿ, “ಕುಂತ್ಕಳ್ರಿ ಸಾಹೇಬ್ರೆ, ಪಾಳು ಮನೆ ಮಜ್ಜಿಗೆ ಕುಡೀರಿ,” ಎಂದು ಚುಚ್ಚಿದಾಗ ತಲೆತಗ್ಗಿಸಿ ಕುಡಿದರು. ತಪ್ಪು ತನ್ನದೇ ಎಂದು ಮೇಲಿನವರಿಗೆ ಸ್ವಂತ ಕೈಯಲ್ಲಿ ಬರೆದರು. ಅದರಿಂದ ಬಡ್ತಿ ತಪ್ಪಿದ್ದನ್ನು ಯಾರ ಬಳಿಯೂ ಆಡಲಿಲ್ಲ. ಗುಂಡು ಹಾರಿಸುವ ದಿಕ್ಕು ತಿರುಗಿತು, ಹಟ್ಟಿ ಉಳಿಯಿತು. ಗುಂಡು ಹೋಗುವ ಹೊಸ ವಲಯದಲ್ಲಿ ಮನೆ ಬೇಡ, ಗುಂಡು ಹಾರಿಸುವಾಗ ಏರಿಸುವ ಕೆಂಪು ಬಾವುಟ ಇಳಿದಿರುವ ದಿನ ಕುರಿ ಮೇಯಲಿ ಎಂಬ ಅವರ ಮಾತನ್ನು ಸೈನ್ಯದವರೂ ಒಪ್ಪಿದರು.

ಅವರ ಕಾಲಿಗೆ ಕಸುವು, ಕಣ್ಣಿಗೆ ಬೆಳಕು ಬಹುಕಾಲ ಇರಲಿ. ಕಿರಿಯರಿಗೆ ಅಳತೆ ಕಲಿಸುವ ಕೆಲಸ ಅವರಿಂದ ಇನ್ನೂ ನಡೆಯಲಿ.

ಮುಂದಿನ ವರ್ಷ ಮೈದಾನ ದೊಡ್ಡದಾಗುತ್ತದಂತೆ, ಹೊಸ ನಕ್ಷೆ ಆಗಬೇಕಂತೆ. ಬೀಳ್ಕೊಡುಗೆಯ ದಿನ ಬೊಮ್ಮಕ್ಕ ಕಾಫಿ ಲೋಟ ಹಿಡಿದು, ಹೊಸದಾಗಿ ಬಂದ ಅಧಿಕಾರಿಗಳ ಮುಂದೆ ನಿಂತಳು. ಅವರು ಯಾರೊಡನೆಯೋ ಮಾತಾಡುತ್ತಿದ್ದರು. ಒಮ್ಮೆ ಹೇಳಿದಳು. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಹೇಳಿದಳು:

“ಸಾರ್, ಅಳೆಯಾಕೆ ಮಳೆಗಾಲದಾಗೆ ಬರ್ರಿ.”