ಕೆರೆ ಕಟ್ಟಿಸಿದವಳ ಹೆಸರು

ಟೇಪಿನಲ್ಲಿ ಸ್ಪಷ್ಟವಾಗಿ ಕೇಳಿಸುವುದು ಒಂದೇ ಮಾತು: "ಬೋಂಡಾ ಮುಗಿದೇಹೋಯ್ತಾ?" ಅದೂ ವೇದಿಕೆಯ ಮೇಲಿನವರದ್ದಲ್ಲ, ಕ್ಯಾಮೆರಾದ ಪಕ್ಕ ನಿಂತಿದ್ದ ಯಾರೋ ಮಹನೀಯರದ್ದು. ನಮ್ಮ ಕನ್ನಡ ಕೂಟದ ಹಳೆಯ ನಾಟಕಗಳನ್ನು ಸಿ.ಡಿ.ಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೈಗೆ ಮೊದಲು ಸಿಕ್ಕಿದ್ದು ನಾನೇ ಬರೆದು ಆಡಿಸಿದ್ದು. ಹತ್ತು ವರ್ಷವಾಯಿತೇ, ಒಂಬತ್ತೇ? ನನ್ನ ನೆನಪನ್ನು ನಂಬಬೇಡಿ, ನಾನೂ ನಂಬುವುದಿಲ್ಲ.

ನಂಬದಿರುವುದೇ ನನ್ನ ವಿದ್ಯೆ. ಶಿಕಾಗೋಗೆ ಇತಿಹಾಸದಲ್ಲಿ ಪಿಎಚ್.ಡಿ. ಮಾಡಲು ಬಂದವನು ನಾನು. ಮಧ್ಯಕಾಲದ ಕರ್ನಾಟಕದಲ್ಲಿ ಕೆರೆ ಕಟ್ಟಿಸಿದ, ದತ್ತಿ ಬಿಟ್ಟ, ಆದರೂ ಯಾರ ಕಣ್ಣಿಗೂ ಬೀಳದೆ ಹೋದ ಹೆಂಗಸರು ನನ್ನ ವಿಷಯ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಪ್ರತಿಯೊಂದು ಶಾಸನವನ್ನೂ ಅನುಮಾನಿಸಿದೆ. ಕೊನೆಗೆ ನನ್ನ ಪ್ರಬಂಧವನ್ನೇ ಅನುಮಾನಿಸಿ ಕೈಬಿಟ್ಟೆ. ಈಗ ಶಾಮ್‌ಬರ್ಗಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಇಲ್ಲಿಯೂ ಅನುಮಾನಿಸುವುದೇ ಕೆಲಸ, ಸಂಬಳ ಕೊಡುತ್ತಾರೆ ಅಷ್ಟೆ.

ಅರ್ಧಕ್ಕೆ ನಿಂತ ಪ್ರಬಂಧ ಹೊಟ್ಟೆಯೊಳಗೆ ಸುಮ್ಮನಿರುತ್ತದೆಯೇ? ಮಕ್ಕಳ ನಾಟಕವಾಗಿ ಹೊರಬಂತು. ನಾನು ಆರಿಸಿಕೊಂಡ ಶಾಸನದಲ್ಲಿ ಊರಿನ ಹೆಸರಿದೆ, ಅರಸನ ಹೆಸರಿದೆ, ಕಲ್ಲು ಕೆತ್ತಿದವನ ಹೆಸರೂ ಇದೆ. ಕೆರೆ ಕಟ್ಟಿಸಿದವಳು ಮಾತ್ರ ಬರೀ 'ಕೇತಗಾವುಂಡನ ಹೆಂಡತಿ'. ಆ ಪಾತ್ರಕ್ಕೆ ಪೂಜಾ ಎಂಬ ಹುಡುಗಿ ಸಿಕ್ಕಳು, ಇಲ್ಲೇ ಹುಟ್ಟಿದವಳು. ಅವಳ ತಾಯಿ ಗದಗಿನ ಕಡೆಯವರು, ವಾರವಾರವೂ ಅರೋರಾದಿಂದ ಅವಳನ್ನು ಕರೆತರುತ್ತಿದ್ದರು. ಎಲ್ಲ ಮಕ್ಕಳ ಉಡುಪು ಹೊಲಿದವರು ಅವರೇ. ನನ್ನ ಸಂಭಾಷಣೆಯಲ್ಲಿ ಅರ್ಧವನ್ನು "ಹಿಂಗ ಯಾರ್ರೀ ಮಾತಾಡ್ತಾರ?" ಎಂದು ಹೊಡೆದುಹಾಕಿ, ಜನರಾಡುವ ಮಾತು ತುಂಬಿದವರೂ ಅವರೇ.

ಮೊದಲ ತಾಲೀಮಿನಲ್ಲೇ ಪೂಜಾ ಕೇಳಿದಳು, "ಅಂಕಲ್, ವಾಟ್ಸ್ ಮೈ ನೇಮ್?"

"ಹೆಸರಿಲ್ಲಮ್ಮ. ಕೇತಗಾವುಂಡನ ಹೆಂಡತಿ."

"ದೆನ್ ಹೌ ಡಿಡ್ ದೇ ಕಾಲ್ ಹರ್ ಫಾರ್ ಡಿನ್ನರ್?"

ಇಂಥ ಪ್ರಶ್ನೆಯನ್ನು ನನ್ನ ಪ್ರೊಫೆಸರರೂ ಕೇಳಿರಲಿಲ್ಲ. "ಸಾಕ್ಷಿ ಇಲ್ದೆ ಹೆಸರಿಡೋಕಾಗಲ್ಲ" ಎಂದೆ.

ಮೂಲೆಯಲ್ಲಿ ಕಿರೀಟಕ್ಕೆ ಜರಿ ಅಂಟಿಸುತ್ತಿದ್ದ ತಾಯಿ ತಲೆಯೆತ್ತಿದರು. "ಕೆರಿ ಕಟ್ಟಿಸಿದಾಕಿಗೆ ಹೆಸರಿಲ್ಲಂದ್ರ ಹೆಂಗ್ರೀ ಸರ? ನಿಮ್ಮನ್ನ ತೊಟ್ಟಿಲಿಗೆ ಹಾಕಿದಾಗ ಯಾವ ಸಾಕ್ಷಿ ನೋಡಿ ಹೆಸರಿಟ್ರು?"

ನಾನು ಸಂಶೋಧನೆಯ ಶಿಸ್ತನ್ನು ವಿವರಿಸಿದೆ. ತುಸು ಉದ್ದವಾಗಿಯೇ ವಿವರಿಸಿರಬೇಕು. ಮುಗಿಸುವಷ್ಟರಲ್ಲಿ ಮಕ್ಕಳು ನನ್ನ ಪಾಲಿನ ಪಿಜ್ಜಾವನ್ನೂ ತಿಂದಿದ್ದರು.

ನಾಟಕದ ದಿನ ಪೂಜಾ ಪರದೆಯ ಹಿಂದಿನ ಕುರ್ಚಿ ಬಿಟ್ಟು ಏಳಲಿಲ್ಲ. "ನೋ ನೇಮ್, ನೋ ಪ್ಲೇ." ಅತ್ತ ವೇದಿಕೆಯ ಮೇಲೆ ಅರಸ ತನ್ನ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತ ಉದುರುತ್ತಿದ್ದ ಮೀಸೆಯನ್ನು ಒತ್ತಿಹಿಡಿದು ನಿಂತಿದ್ದ. ನಾನು ಬೇಡಿಕೊಂಡೆ, ಚಾಕೊಲೇಟಿನ ಆಸೆ ತೋರಿಸಿದೆ, ಇತಿಹಾಸದ ಘನತೆಯನ್ನೂ ನೆನಪಿಸಿದೆ. ಹೆಸರೊಂದನ್ನು ಬಿಟ್ಟು ಏನನ್ನಾದರೂ ಕೊಡಲು ಸಿದ್ಧನಿದ್ದೆ. ತಾಯಿ ಬಂದು ಮಗಳ ತಲೆಗೆ ಕಿರೀಟ ಇಟ್ಟರು. "ನಡಿ, ನಿನಗ ಬೇಕಾದ ಹೆಸರ ಹೇಳು. ಸರ ಏನ್ ಸ್ಟೇಜ್ ಮ್ಯಾಲೆ ಬಂದು ಬಾಯಿ ಮುಚ್ಚತಾರೇನು?"

"ಯಾರಮ್ಮ ನೀನು?" ಎಂದ ಅರಸ. ಹುಡುಗಿ ಕತ್ತೆತ್ತಿ ಒಂದು ಹೆಸರು ಹೇಳಿದಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದ ನೆನಪು. ಹಣೆ ಚಚ್ಚಿಕೊಂಡೆ ಎನ್ನುತ್ತಾಳೆ ನನ್ನ ಹೆಂಡತಿ.

ಯಾವ ಹೆಸರು? ಟೇಪನ್ನು ಹಿಂದಕ್ಕೋಡಿಸಿ ಓಡಿಸಿ ಕೇಳಿದೆ. ಪ್ರತಿ ಸಲವೂ ಹೆಸರಿನ ಜಾಗದಲ್ಲಿ ಬೋಂಡಾ. ಇಷ್ಟು ವರ್ಷ ನಾನು ಪೂಜಿಸಿಕೊಂಡು ಬಂದ ಸಾಕ್ಷಿ ಕಾಪಾಡಿಕೊಟ್ಟದ್ದು ಅದನ್ನೇ.

ಅವರ ಸಂಸಾರ ಈಗ ಡೆಟ್ರಾಯ್ಟ್ ಕಡೆ ಇದೆ. ಫೋನ್ ಮಾಡಿದೆ. ತಾಯಿಯೇ ಎತ್ತಿಕೊಂಡರು.

"ಅವತ್ತು ಪೂಜಾ ಯಾವ ಹೆಸರು ಹೇಳಿದ್ಲು, ನೆನಪಿದೆಯಾ?"

"ಅಯ್ಯ, ನನ್ನ ಹೆಸರ ಹೇಳಿದ್ಲಲ್ರೀ ಸರ! ಮರತ್ರೇನು?"

ಮರೆಯಬೇಕಾದರೆ ಮೊದಲು ಗೊತ್ತಿರಬೇಕಲ್ಲ. ನನ್ನ ಫೋನಿನಲ್ಲಿ ಅಂದಿನಿಂದ ಇಂದಿನವರೆಗೆ ಅವರು 'ಪೂಜಾ ಮಮ್ಮಿ'.

"ಹಾಂ, ಹಾಂ" ಎಂದೆ. "ನಾಟಕದ ಸಿ.ಡಿ. ಕವರ್ ಮೇಲೆ ಹಾಕ್ಬೇಕಿತ್ತು. ಸ್ಪೆಲಿಂಗ್ ಹೇಳ್ತೀರಾ?"

ಆ ಕಡೆಯಿಂದ ನಗು, ಮುಗಿಯಿತೆಂದುಕೊಂಡಾಗ ಮತ್ತೆ ಶುರುವಾಗುವಂಥ ನಗು. "ಸ್ಪೆಲಿಂಗ್ ಅಲ್ರೀ, ನಿಮಗ ಹೆಸರ ಗೊತ್ತಿಲ್ಲ! ಯಾಕ್ರೀ ಸರ, ಶಾಸನದಾಗ ಬರದಿಲ್ಲೇನು?"

"ಇಲ್ಲ. ನೀವೇ ಹೇಳ್ಬೇಕು" ಎಂದೆ.

ಹೇಳಿದರು.

ಕವರಿನ ಮೇಲೆ ಬರೆದುಕೊಂಡೆ. ವೇಷಭೂಷಣ: ಕಸ್ತೂರಿ. ಸಂಭಾಷಣೆ: ಕಸ್ತೂರಿ, ಕೆಳಗೆ ಸಣ್ಣಕ್ಷರದಲ್ಲಿ ನಾನು. ಕೆರೆ ಕಟ್ಟಿಸಿದವಳು: ಕಸ್ತೂರಿ. ಸಾಕ್ಷಿ ಕೇಳಲಿಲ್ಲ.