ಸ್ಟ್ಯಾಂಡ್ ಇಲ್ಲದ ಸೈಕಲ್

ಮಿಶ್ರಿಕೋಟಿ ದಾಟಿ ಕಾಡಿನ ಕಾಲುದಾರಿಯಲ್ಲಿ ಗೇರ್ ಸೈಕಲ್ ಹೊಡೆಯುತ್ತಿದ್ದೆ. ಗುಡ್ಡ ಹತ್ತುವ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲ. ಮರದ ಕೆಳಗಿನ ಹಳೆಯ ವೀರಗಲ್ಲಿಗೆ ಒರಗಿಸಿ, ಹಳ್ಳದಲ್ಲಿ ಮುಖ ತೊಳೆಯಲು ಹೋದೆ. ತಿರುಗಿ ಬಂದಾಗ, ಪೂಜೆಗೆ ಬಂದಿದ್ದ ಮುದುಕಿಯೊಬ್ಬಳು ಹ್ಯಾಂಡಲ್ಲಿಗೆ ಕುಂಕುಮ ಹಚ್ಚುತ್ತಿದ್ದಳು.

"ಯವ್ವಾ, ಅದು ನನ್ನ ಸೈಕಲ್."

"ಕಲ್ಲಿನ ಹತ್ರ ಇಟ್ಟಿದ್ದು ದೇವರದ್ರಿ. ನಮ್ಮೂರಾಗ ಹಂಗ."

"ಕಲಘಟಗಿತನಕಾ ನಡಕೊಂತ ಹೋಗಲೇನು?"

"ತಡೀರಿ, ದೇವರನ್ನ ಕೇಳೂಣು. ಹೂವು ಬಲಕ್ಕ ಬಿದ್ರ ಒಯ್ಯಿರಿ."

ಕಲ್ಲಿನ ನೆತ್ತಿಗೆ ಒದ್ದೆ ಹೂವು ಅಂಟಿಸಿದಳು. ಅರ್ಧ ತಾಸು ಕೂತೆವು. ಹೂವು ಅಲುಗಲಿಲ್ಲ. ಧಡ್ ಅಂತ ಸೈಕಲ್ಲೇ ಬಲಕ್ಕೆ ಬಿತ್ತು.

ಮುದುಕಿ ಕೈಮುಗಿದಳು. "ಒಯ್ಯಿರಿ. ದೇವರಿಗೂ ಬ್ಯಾಡಂತ."

ಸ್ಟ್ಯಾಂಡ್ ಹಾಕಿಸು ಎಂದು ಮಗಳು ಹೇಳುತ್ತಲೇ ಇದ್ದಾಳೆ. ಇದ್ದಿದ್ದರೆ ಸೈಕಲ್ ಇವತ್ತಿಗೂ ಅಲ್ಲೇ ನಿಂತಿರುತ್ತಿತ್ತು.