ಮುಟ್ಟದೆ ವಾಸಿ ಮಾಡಿದ ಮೇಡಂ

ಅವರ ಎರಡೂ ಹೆಬ್ಬೆರಳುಗಳು ಬುಡದಲ್ಲಿ ಗಂಟುಗಟ್ಟಿ, ತುದಿಯಲ್ಲಿ ಹಿಂದಕ್ಕೆ ಬಾಗಿದ್ದವು. ಮುಖಕ್ಕಿಂತ ಮೊದಲು ನನಗೆ ಕಂಡದ್ದು ಅವೇ. ಕ್ಯಾಮೆರಾ ಸರಿಪಡಿಸಲು ಅವರು ಕೈ ಚಾಚಿದಾಗ ಫೋನಿನ ಪರದೆಯ ತುಂಬ ಆ ಹೆಬ್ಬೆರಳುಗಳು ಬಂದು ನಿಂತವು. ವರ್ಷಗಟ್ಟಲೆ ಜನರ ಬೆನ್ನು, ಭುಜ, ಮೊಣಕಾಲು ಒತ್ತಿ ಒತ್ತಿ ಹಾಗಾದವೆಂದು ಆಮೇಲೆ ಹೇಳಿದರು.

ನಾನು ಪುಣೆಯ ಬಿಬವೇವಾಡಿಯ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಮೆಸ್ಸಿಗೆ ಕೊಡುವವಳು. ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದು ಬಲಭುಜ ಮುರಿಯಿತು. ಆಪರೇಷನ್ ಮಾಡಿದ ಆಸ್ಪತ್ರೆಯವರು, ವ್ಯಾಯಾಮಕ್ಕೆಂದು ದಿನಾ ಅಲೆಯುವುದು ಬೇಡ, ಫೋನ್ ಸಾಕು ಎಂದರು. ಫೋನನ್ನು ಗೋಡೆಗೆ ಒರಗಿಸಿ ಎದುರಿಗೆ ನಿಂತರೆ ಅದರೊಳಗಿನ ಎಐ ನನ್ನ ಮೈಮೇಲೆ ಹಸಿರು ಗೆರೆ ಎಳೆದು, ಕೈ ಎಷ್ಟು ಎತ್ತಿದೆನೆಂದು ಅಳೆದು, ‘ಬಹುತ್ ಅಚ್ಛಾ’ ಎಂದು ಹಿಂದಿಯಲ್ಲಿ ಹೊಗಳುತ್ತಿತ್ತು. ಅದು ಕಳಿಸಿದ್ದನ್ನು ನೋಡಿ, ವಾರಕ್ಕೊಮ್ಮೆ ವಿಡಿಯೊದಲ್ಲಿ ಎದುರಾಗುತ್ತಿದ್ದ ಫಿಜಿಯೋ ಈ ಮೇಡಂ. ಹಾಸನದ ಕಡೆಯವರು, ಪುಣೆಯಲ್ಲೇ ಕೂದಲು ಬೆಳ್ಳಗಾದವರು.

ನನ್ನ ಸಿಟ್ಟಿನ ಕಥೆ ಹೇಳದೆ ಅವರ ಕಥೆ ಹೇಳಲಾಗದು. ಪಕ್ಕದ ಖೋಲಿಯಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಇದ್ದಳು. “ನೀ ಆರಾಮ ಆಗೂತನಕ ಮೆಸ್ಸಿನ ರೊಟ್ಟಿ ನಾ ನೋಡ್ಕೋತೀನಿ ಅಕ್ಕಾ” ಎಂದಳು. ಕಣ್ಣು ಮುಚ್ಚಿ ನಂಬಿದೆ. ಆಮೇಲೊಂದು ದಿನ ಹಲಗೆಗೋಡೆಯ ಆಚೆ ಅವಳು ಮೆಸ್ ನಡೆಸುವ ಮಾವಶಿಗೆ ಮರಾಠಿಯಲ್ಲಿ ಹೇಳಿದ್ದು ನನ್ನ ಕಿವಿಗೇ ಬಿತ್ತು: ಅಕ್ಕನ ಕೈ ಸತ್ತಿದೆ, ಇನ್ನು ಏಳುವುದಿಲ್ಲ, ಇನ್ಮೇಲೆ ರೊಟ್ಟಿ ನನ್ನ ಹತ್ತಿರವೇ ತಗೊಳ್ಳಿ. ಸತ್ತಿದೆಯಂತೆ! ಅವಳ ನಾಲಿಗೆ ಸೇದಿಹೋಗಲಿ ಎಂದು ಬಾಯಿತುಂಬ ಶಪಿಸಿದೆ. ಆ ಶಾಪವನ್ನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ.

ಎಐ ದಿನಾ ಹೊಗಳಿತು. ಕೈ ಮಾತ್ರ ಎದೆಮಟ್ಟ ದಾಟಲಿಲ್ಲ. ನೆಗೆಣ್ಣಿ ಗೋಡೆಯಾಚೆಯಿಂದ ‘ಬಹುತ್ ಅಚ್ಛಾ’ ಎಂದು ಅಣಕಿಸಿ ನಗುತ್ತಿದ್ದಳು. ಒಮ್ಮೆ ಮೇಡಂ ನೋಡುತ್ತಿದ್ದಾಗಲೇ ಒಲೆಯ ಮೇಲಿನ ಹಾಲು ಉಕ್ಕಿತು, ನಾನು ಎಡಗೈಯಲ್ಲಿ ಪಾತ್ರೆ ಇಳಿಸಿದೆ.

“ನಿಲ್ಲಿ. ಮಷೀನ್ ನೋಡಿದ್ರೆ ನಿಮ್ಮ ಬಲಗೈ ತಲೆ ಮೇಲೆ ಹೋಗ್ತಿದೆ ಅನ್ನುತ್ತೆ. ಮತ್ತೆ ಎಡಗೈ ಯಾಕೆ? ಆ ಸೆರಗು ತೆಗೆದು ಒಂದ್ಸಲ ಎತ್ತಿ ತೋರಿಸಿ.”

“ಆಗೂದಿಲ್ರಿ ಮೇಡಂ. ಮಾವ ಅದಾರ್ರಿ ಮನ್ಯಾಗ.”

ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದು, ಅದು ನಮ್ಮ ಮನೆಯ ರೀತಿ. ಆ ಸೆರಗು ಭುಜದ ಮೇಲೂ ಹರಡಿಕೊಂಡಿರುತ್ತಿತ್ತು. ನೋವಿಗೆ ಹೆದರಿ ನಾನು ಭುಜವನ್ನು ಕಿವಿಯ ತನಕ ಏರಿಸಿ ಕುಗ್ಗಿಸಿಕೊಂಡು, ಮೈಯನ್ನೆಲ್ಲ ಓರೆ ಮಾಡಿ ಎತ್ತುತ್ತಿದ್ದೆ. ಜೊತೆಗೆ ಸೆರಗೂ ಮೇಲೇಳುತ್ತಿತ್ತು. ಆ ಬಟ್ಟೆಯ ಅಂಚನ್ನೇ ಎಐ ನನ್ನ ತೋಳೆಂದು ತಿಳಿದು ಅಳೆದಿತ್ತು.

ಮೇಡಂ ಫೋನನ್ನು ಮಾವನಿಗೆ ಕೊಡಿಸಿದರು. “ಯಜಮಾನ್ರೇ, ಸೊಸೆಗೆ ಕೈ ಬರ್ಬೇಕು ಅಂದ್ರೆ ಅವರ ಭುಜ ನನಗೆ ಕಾಣ್ಬೇಕು. ನೀವೇ ಹೇಳಿ, ಏನ್ಮಾಡೋಣ?” ಮಾವ ಸ್ವಲ್ಪ ಹೊತ್ತು ಕೆಮ್ಮಿದರು. “ನಾ ಹೊರಗ ಕಟ್ಟಿ ಮ್ಯಾಲ ಕುಂದರ್ತೀನಿ ತಗೋವಾ” ಎಂದು ಟೊಪ್ಪಿಗೆ ಹಾಕಿಕೊಂಡು ಎದ್ದರು. ಅಂದಿನಿಂದ ನಾನು ಫೋನ್ ಗೋಡೆಗೆ ಒರಗಿಸಿದ ಕೂಡಲೇ ಅವರು ಹೊರಗೆ ಹೋಗುತ್ತಿದ್ದರು. ಆ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈ ಎತ್ತಿದೆ. ಎಐ ಮೊದಲ ಸಲ ‘ಗಲತ್’, ತಪ್ಪು, ಎಂದಿತು. ನನಗೆ ಅಳು ಬಂತು.

“ಅಳಿ, ಪರವಾಗಿಲ್ಲ. ಈಗ ನಿಜವಾಗ್ಲೂ ಶುರು ಮಾಡೋಣ. ಕೈ ಯಾತಕ್ಕೆ ಬೇಕು ನಿಮಗೆ?”

ತಲೆ ಬಾಚಿಕೊಳ್ಳಲು, ಬಟ್ಟೆ ಒಣಹಾಕಲು ಎಂದು ಜನ ಹೇಳುತ್ತಾರಂತೆ. ನಾನು ಹೇಳಿದೆ: “ನೆಗೆಣ್ಣಿ ಕಡಿಂದ ನನ್ನ ರೊಟ್ಟಿ ಕಸಗೋಬೇಕ್ರಿ. ಅಕಿ ಕಣ್ಣಮುಂದ.”

ಬುದ್ಧಿ ಹೇಳುತ್ತಾರೆಂದುಕೊಂಡೆ. ಇಲ್ಲ, ಅವರ ಕಣ್ಣು ಮಿಂಚಿತು. “ಒಳ್ಳೇದು. ಸಿಟ್ಟು ಇರಲಿ, ಭುಜ ಕುಗ್ಗಿಸಬೇಡಿ” ಎಂದರು. ಮುಂದೆ ತಿಂಗಳುಗಟ್ಟಲೆ ನಾನು ಕೇಳಿದ್ದು ಇದೊಂದೇ ಮಾತು.

ಅವರ ಹೊಟ್ಟೆಯೊಳಗೂ ಕಿಚ್ಚಿತ್ತು. ದೊಡ್ಡದೊಂದು ಕ್ಲಿನಿಕ್ಕಿನಲ್ಲಿ ಅರ್ಧ ಆಯುಷ್ಯ ದುಡಿದಿದ್ದರು. ಹೆಬ್ಬೆರಳು ಕೆಟ್ಟಾಗ ಅದರ ಮಾಲೀಕ, ಪೇಷಂಟುಗಳ ಎದುರಿಗೇ, ಹೆಬ್ಬೆರಳಿಲ್ಲದ ಫಿಜಿಯೋನ ಇಟ್ಟುಕೊಂಡು ಪೂಜೆ ಮಾಡಲಾ ಎಂದನಂತೆ. “ಮುಟ್ಟದೇನೇ ವಾಸಿ ಮಾಡಿ ನಿಮ್ಮ ಮುಂದೆ ತಂದು ನಿಲ್ಲಿಸ್ತೀನಿ ಅಂತ ಹೇಳಿ ಬಂದೆ. ಇನ್ನೂ ನಿಲ್ಲಿಸಿಲ್ಲ” ಎಂದರು ಮೇಡಂ. ಹಾಗೆ ಹೇಳುವಾಗ ಅವರ ಭುಜಗಳು ಮಾತ್ರ ಒಂದಿಷ್ಟೂ ಕುಗ್ಗಿರಲಿಲ್ಲ.

ಕೈ ಹಣೆಯ ಮಟ್ಟಕ್ಕೆ ಬಂದಮೇಲೆ ಎಐಯ ಬಾಯಿ ಮುಚ್ಚಿಸಿ ಹಿಟ್ಟು ಕಲಸಲು ಹೇಳಿದರು. “ಇದಕ್ಕೆ ರೊಟ್ಟಿ ಗೊತ್ತಿಲ್ಲ, ನನಗೂ ತಟ್ಟೋಕೆ ಬರಲ್ಲ. ನೀವು ತಟ್ಟಿ, ನಾನು ಭುಜ ನೋಡ್ತೀನಿ.” ಮೊದಲು ಅಂಗೈ ಅಗಲ, ಆಮೇಲೆ ಪೂರಿಯಷ್ಟಗಲ, ಕೊನೆಗೆ ಹೆಂಚಿನ ತುಂಬ. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಾನು ನೆಗೆಣ್ಣಿಯ ಮುಖ ನೆನೆದು ಬಡಿದೆ.

ನಮ್ಮ ಕಡೆಯ ಹೆಂಗಸರಿಗೆ ರೊಟ್ಟಿಯ ಸಪ್ಪಳ ಕೇಳಿದರೆ ಯಾರ ಕೈ ಎಂದು ತಿಳಿಯುತ್ತದೆ. ರೊಟ್ಟಿ ಒಯ್ಯಲು ನನ್ನ ಬಾಗಿಲಿಗೆ ಬಂದು ಬಂದು ಮಾವಶಿಗೂ ಅದು ತಿಳಿದಿತ್ತು. ನೆಗೆಣ್ಣಿ ಜೋಳಕ್ಕೆ ಮೈದಾ ಬೆರೆಸಿ ಲಟ್ಟಣಿಗೆಯಲ್ಲಿ ಲಟ್ಟಿಸುತ್ತಿದ್ದಳು, ಸಪ್ಪಳ ಎಲ್ಲಿಂದ ಬರಬೇಕು? ಮಾವಶಿ ಬರುವ ಹೊತ್ತಿಗೆ ಸರಿಯಾಗಿ ನಾನು ಬಡಿಯತೊಡಗಿದೆ. ಅವಳು ಎರಡು ಬಾಗಿಲುಗಳ ನಡುವೆ ನಿಂತಳು. “ಕೋಣ್ ಥಾಪತಂಯ್ ಗಂ?”, ಯಾರು ಬಡಿಯುತ್ತಿರುವುದು, ಎಂದು ಕೇಳುತ್ತ ನನ್ನ ಬಾಗಿಲಿಗೇ ಬಂದಳು. ಹಿಂದಿನಿಂದ ನೆಗೆಣ್ಣಿ ಓಡಿ ಬಂದಳು. ನಾನು ತಲೆಯ ತುಂಬ ಸೆರಗು ಹೊದ್ದು, ಎದ್ದು ನಿಂತು, ಮೇಲಿನ ಹಲಗೆಯಿಂದ ಹಿಟ್ಟಿನ ಡಬ್ಬಿಯನ್ನು ಸತ್ತ ಕೈಯಲ್ಲೇ ಇಳಿಸಿದೆ. ಅಂದಿನಿಂದ ಮೆಸ್ಸಿನ ರೊಟ್ಟಿ ನನ್ನದಾಯಿತು. ಸಂಜೆ ನೆಗೆಣ್ಣಿ ಬಂದು, “ಅರ್ಧಾನರ ನನಗ ಬಿಡ ಅಕ್ಕಾ” ಎಂದಳು. ನಾನು ‘ಬಹುತ್ ಅಚ್ಛಾ’ ಎಂದು ಬಾಗಿಲು ಹಾಕಿಕೊಂಡೆ. ಅಷ್ಟು ಚೆಂದದ ನಿದ್ದೆ ನನಗೆ ಎಂದೂ ಬಂದಿರಲಿಲ್ಲ.

ಆ ವಾರ ಪರದೆಯಲ್ಲಿ ಬೇರೊಂದು ಎಳೆಯ ಮುಖ ಬಂತು. ಮೇಡಂ ಎದೆನೋವಿನಿಂದ ತೀರಿಕೊಂಡರು, ಶಿವಾಜಿನಗರದಲ್ಲಿ ಶೋಕಸಭೆ ಇದೆ ಎಂದಳು ಆ ಹುಡುಗಿ. ರೊಟ್ಟಿ ಕಸಿದುಕೊಂಡ ಸುದ್ದಿಯನ್ನು ಮೇಡಂಗೆ ಹೇಳಬೇಕೆಂದು ನಾನು ಕಾದಿದ್ದೆ.

ಸಭೆಗೆ ಹೋದೆ. ಹೂವಿನ ಹಾರ ಹಾಕಿದ ಫೋಟೊದ ಪಕ್ಕ ನಿಂತು ಒಬ್ಬಾತ ದೊಡ್ಡ ದನಿಯಲ್ಲಿ ಭಾಷಣ ಮಾಡುತ್ತಿದ್ದ. ಅವರ ಬೆರಳಲ್ಲಿ ದೇವರಿದ್ದ, ನನ್ನ ಕ್ಲಿನಿಕ್ಕಿನ ಆಸ್ತಿಯಾಗಿದ್ದರು ಎಂದ. ಅವನೇ! ಮೈಯೆಲ್ಲ ಉರಿದುಹೋಯಿತು. ಯಾರಾದರೂ ಮಾತನಾಡುವವರಿದ್ದರೆ ಕೈ ಎತ್ತಿ ಎಂದರು ಸಭೆ ನಡೆಸುತ್ತಿದ್ದವರು.

ನಾನು ಎದ್ದು ನಿಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯನ್ನು ಕಿವಿಗೆ ತಾಗುವಂತೆ ನೆಟ್ಟಗೆ ಎತ್ತಿದೆ. ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ: “ಸಾಹೇಬ್ರ, ಇದು ಮುರಿದ ಕೈ. ಮೇಡಂ ಇದನ್ನ ಒಂದ್ಸಲನೂ ಮುಟ್ಟಿಲ್ಲ. ನಿಮ್ಮ ಮುಂದೆ ತಂದು ನಿಲ್ಲಿಸ್ತೀನಿ ಅಂದಿದ್ರಲ್ಲ, ನೋಡ್ಕೊಳ್ರಿ.”

ಅವನು ತಲೆ ತಗ್ಗಿಸಿದ. ಅವನು ಕುರ್ಚಿಗೆ ಹೋಗಿ ಕೂರುವ ತನಕ ನಾನು ಕೈ ಇಳಿಸಲಿಲ್ಲ. ಭುಜ ಕುಗ್ಗಿಸಲಿಲ್ಲ.